ದಿನ ತುಂಬುವಾಗ



ಕೊಡ ತುಂಬಿತು, ಕೆರೆ ತುಂಬಿತು ಎನ್ನುವ ಬಾಯಲ್ಲಿಯೇ ನಾವು ಬಸುರಿಗೆ ‘ದಿನ ತುಂಬಿತು’ ಎನ್ನುತ್ತೇವೆ. ಆ ಮಾತಿನಲ್ಲಿ ಅವಸರವಿಲ್ಲ. ವೈದ್ಯರ ಲೆಕ್ಕವೆಂದರೆ ಕಡೆಯ ಸಲ ಮುಟ್ಟಾದ ಮೊದಲ ದಿನದಿಂದ 280 ದಿನ, ಎಂದರೆ 40 ವಾರ. ಅದೂ ಅಂದಾಜೇ, ಬರೆದುಕೊಟ್ಟ ತಾರೀಖಿನಂದೇ ಹುಟ್ಟುವ ಶಿಶುಗಳು ವಿರಳ.

ಕಡೆಯ ವಾರಗಳಲ್ಲಿ ಬೆನ್ನು ನೋಯುತ್ತದೆ, ಸಂಜೆಗೆ ಪಾದ ಊದುತ್ತದೆ, ನಿದ್ದೆ ತುಂಡುತುಂಡಾಗುತ್ತದೆ. ಚೊಚ್ಚಲ ಬಸುರಿಯರಲ್ಲಿ ಮಗುವಿನ ತಲೆ ಕೆಲವು ವಾರ ಮೊದಲೇ ಕೆಳಗಿಳಿಯುವುದುಂಟು; ಆಗ ಉಸಿರಾಟ ಹಗುರವಾಗುತ್ತದೆ, ಮೂತ್ರಕ್ಕೆ ಹೋಗುವುದು ಹೆಚ್ಚುತ್ತದೆ. ನಡುನಡುವೆ ಹೊಟ್ಟೆ ಬಿಗಿದು ಸಡಿಲವಾಗುತ್ತದೆ. ಇಂಗ್ಲೆಂಡಿನ ವೈದ್ಯ ಬ್ರಾಕ್ಸ್‌ಟನ್ ಹಿಕ್ಸ್ 1872ರಲ್ಲಿ ವಿವರಿಸಿದ ಈ ಬಿಗಿತವನ್ನು ನಮ್ಮ ಮನೆಯ ಹಿರಿಯ ಹೆಂಗಸರು ‘ಸುಳ್ಳು ನೋವು’ ಎನ್ನುತ್ತಿದ್ದರು. ಸುಳ್ಳು ನೋವಿಗೆ ಲಯವಿಲ್ಲ. ಮಗ್ಗುಲು ಬದಲಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ. ನಿಜವಾದ ಬೇನೆ ಬಿಟ್ಟುಬಿಟ್ಟು ಬಂದರೂ ಅಂತರ ಕಿರಿದಾಗುತ್ತ, ಬಿರುಸಾಗುತ್ತ ಹೋಗುತ್ತದೆ.

ಹಿರಿಯರ ನುಡಿಯನ್ನು ಇಷ್ಟು ಮೆಚ್ಚುವ ನಾನು ಅವರ ಒಂದು ಮಾತನ್ನು ಮಾತ್ರ ಒಪ್ಪಲಾರೆ: ‘ಹೆರಿಗೆ ಹತ್ತಿರವಾದಾಗ ಮಗು ಸುಮ್ಮನಾಗುತ್ತದೆ.’

ನಮ್ಮ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ಸಂಜೆ, ‘ಅಮ್ಮಾ, ಬೆಳಗಿನಿಂದ ಮಗು ಮಿಸುಕಿದ್ದೇ ಕಡಿಮೆ’ ಎಂದಳು. ನೆರೆಮನೆಯ ಹಿರಿಯಮ್ಮ ಆ ಮಾತನ್ನೇ ಹೇಳಿ ಸಮಾಧಾನಪಡಿಸಿದರು. ನಾನೂ ತಲೆದೂಗಿ, ‘ಬೆಳಿಗ್ಗೆ ನೋಡೋಣ’ ಎಂದೆ. ನನ್ನ ಹೆಂಡತಿ ಮರುಮಾತಾಡದೆ ಆಟೋ ಕರೆಸಿದಳು. ಆ ರಾತ್ರಿಯೇ ಶಸ್ತ್ರಕ್ರಿಯೆಯಾಯಿತು. ವೈದ್ಯೆ ಹೇಳಿದರು: ‘ಕಡೆಯ ವಾರಗಳಲ್ಲಿ ಮಿಸುಕಾಟದ ಬಗೆ ಬದಲಾಗಬಹುದು, ಅದು ಕಡಿಮೆಯಾಗಬಾರದು. ಬೆಳಗಿನವರೆಗೆ ಕಾಯದೆ ಬಂದದ್ದು ಒಳ್ಳೆಯದಾಯಿತು.’

ಹೆರಿಗೆಯ ದಿನಕ್ಕಾಗಿ ಕಾಯಬೇಕು, ನಿಜ. ಆದರೆ ಮಿಸುಕಾಟ ಕಡಿಮೆಯೆನಿಸಿದರೆ, ನೀರು ಒಡೆದರೆ, ರಕ್ತ ಕಂಡರೆ, ತೀವ್ರ ತಲೆನೋವು ಬಂದು ಕಣ್ಣು ಮಂಜಾದರೆ, ಮುಖ ಕೈಗಳು ಏಕಾಏಕಿ ಊದಿದರೆ, 37 ವಾರ ತುಂಬುವ ಮೊದಲೇ ಬೇನೆ ಕಾಣಿಸಿದರೆ ಕಾಯಬಾರದು. ರಾಹುಕಾಲ ನೋಡಬೇಡಿ, ಬೆಳಗಾಗಲಿ ಎನ್ನಬೇಡಿ, ಆಸ್ಪತ್ರೆಗೆ ಹೊರಡಿ. ತಾಯಿ ಕಾರ್ಡು ಕೈಗೆಟಕುವಲ್ಲಿರಲಿ, 108 ಸಂಖ್ಯೆ ಮನೆಮಂದಿಗೆಲ್ಲ ನೆನಪಿರಲಿ.

ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ. ಗಳಿಗೆಯೂ ಸುಮ್ಮನಿರುವವಳಲ್ಲ. ನಾನು ಓದುತ್ತಿರುವಾಗ ಅವಳ ಗದ್ದಲ ಮಿತಿಮೀರುತ್ತದೆ. ಗದರಲೆಂದು ಬಾಯಿ ತೆರೆಯುತ್ತೇನೆ. ಆ ಸಂಜೆ ನೆನಪಾಗಿ ಪುಸ್ತಕ ಮುಚ್ಚಿಡುತ್ತೇನೆ.