ಎಂಜಿನಿಯರಿಂಗ್ ಮುಗಿಯಿತು, ಮುಂದೇನು? ಟೆಲಿಕಾಂ ಕ್ಷೇತ್ರದ ಮೊದಲ ನೌಕರಿ ಮತ್ತು ನಮ್ಮ ಸಂಘ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ವಿದ್ಯಾರ್ಥಿ ಮತ್ತು ಪೋಷಕರ ಗೋಷ್ಠಿಯಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ನಮ್ಮೂರ ಎಂಜಿನಿಯರುಗಳ ಪರವಾಗಿ ಮಾಡಿದ ಭಾಷಣ)



 ನಾವು ಕೆಲವರು ಈ ಊರಲ್ಲೇ ಓದಿ ಬೆಳೆದು, ಈಗ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಬೇರೆ ಬೇರೆ ಕಂಪನಿಗಳಲ್ಲಿ ದುಡಿಯುತ್ತಿರುವವರು. ನಮ್ಮಲ್ಲಿ ಕೆಲವರ ಕಾಲೇಜು ಫೀಜು ಇದೇ ಸೊಸೈಟಿಯ ಸಾಲದಿಂದ ಕಟ್ಟಿದ್ದು. ಆ ಋಣ ನಮಗೆ ಮರೆತಿಲ್ಲ.

ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ಒಂದು ಪ್ರಶ್ನೆ ನಮ್ಮ ಕಿವಿಗೆ ಬೀಳುತ್ತದೆ. "ನಮ್ ಹುಡುಗ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್ ಮುಗಿಸಿ ವರ್ಷ ಆಯ್ತು. ದುಡ್ಡು ಕಟ್ಟಿದ್ರೆ ಕೆಲ್ಸ ಕೊಡಿಸ್ತೀನಿ ಅಂತ ಒಬ್ರು ಹೇಳ್ತಾವ್ರೆ, ಕಟ್ಲಾ?" ಒಡವೆ ಅಡ ಇಟ್ಟು, ಮರಿ ಮೇಕೆ ಮಾರಿ ಓದಿಸಿದ ತಂದೆತಾಯಿಯ ಪ್ರಶ್ನೆ ಇದು. ಬಸ್ ಸ್ಟಾಂಡಿನಲ್ಲಿ ನಿಂತು ಒಂದು ಮಾತಿನಲ್ಲಿ ಉತ್ತರ ಹೇಳಿ ಹೋಗುವಂಥದ್ದಲ್ಲ. ಆದ್ದರಿಂದ ನಾವೆಲ್ಲ ಸೇರಿ ಯೋಚಿಸಿದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇವೆ.

ಎಲೆಕ್ಟ್ರಾನಿಕ್ ಸಿಟಿಯ ಹುಟ್ಟು

ಎಲೆಕ್ಟ್ರಾನಿಕ್ ಸಿಟಿ ಅಂದರೆ ಸಾಫ್ಟ್‌ವೇರು ಅಂತ ಈಗ ಎಲ್ಲರ ಭಾವನೆ. ಹೆಸರಲ್ಲೇ ಇದೆ ನೋಡಿ, ಅದು ಹುಟ್ಟಿದ್ದು ಎಲೆಕ್ಟ್ರಾನಿಕ್ಸ್ ಕೈಗಾರಿಕೆಗಾಗಿ. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಅದನ್ನು ಆರಂಭಿಸಿತು. ಅದರ ಕನಸು ಕಂಡವರು ಕಿಯೋನಿಕ್ಸ್‌ನ ಆರ್. ಕೆ. ಬಾಳಿಗ ಅವರು. ಇನ್ಫೋಸಿಸ್ ಅಲ್ಲಿಗೆ ಬಂದದ್ದು ಆಮೇಲೆ, 1994ರಲ್ಲಿ.

ಟೆಲಿಫೋನಿಗೂ ನಮ್ಮ ರಾಜ್ಯಕ್ಕೂ ನಂಟು ಇನ್ನೂ ಹಳೆಯದು. 1948ರಲ್ಲೇ ಬೆಂಗಳೂರಿನಲ್ಲಿ ಐ.ಟಿ.ಐ. ಕಾರ್ಖಾನೆ ಶುರುವಾಯಿತು, ಆ ಬಡಾವಣೆಗೆ ದೂರವಾಣಿನಗರ ಅಂತಲೇ ಹೆಸರು ಬಂತು. 1984ರಲ್ಲಿ ಕೇಂದ್ರ ಸರ್ಕಾರ ಸ್ಯಾಮ್ ಪಿತ್ರೋಡಾ ಅವರ ನೇತೃತ್ವದಲ್ಲಿ ಸಿ-ಡಾಟ್ ಸಂಸ್ಥೆಯನ್ನು ಕಟ್ಟಿತು. ಅಲ್ಲಿ ಕೆಲಸಕ್ಕೆ ಸೇರಿದವರಲ್ಲಿ ಬಹುಪಾಲು ಆಗತಾನೆ ಕಾಲೇಜು ಬಿಟ್ಟ ತರುಣ ತರುಣಿಯರು. ಅವರು ಹಳ್ಳಿಗಳಿಗೆಂದೇ 128 ಲೈನಿನ ಒಂದು ಪುಟ್ಟ ಎಕ್ಸ್‌ಚೇಂಜ್ ರೂಪಿಸಿದರು. ಧೂಳು, ಸೆಕೆ ತಡೆದುಕೊಳ್ಳುವ, ಏರ್ ಕಂಡೀಷನ್ ಬೇಡದ ಯಂತ್ರ ಅದು. ಅದು ಮೊದಲು ಕೆಲಸ ಶುರು ಮಾಡಿದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಮುಂದೆ ದೇಶದ ಸಾವಿರಾರು ಹಳ್ಳಿಗಳಿಗೆ ಫೋನು ಮುಟ್ಟಿದ್ದು ಇಂಥ ಎಕ್ಸ್‌ಚೇಂಜುಗಳಿಂದ.

ಇದನ್ನು ಏಕೆ ಹೇಳಿದೆವು ಅಂದರೆ, ಅನುಭವ ಇಲ್ಲದ ಹುಡುಗರ ಕೈಯಲ್ಲಿ ಏನೂ ಆಗಲ್ಲ ಅನ್ನುವ ಮಾತು ಸುಳ್ಳು. ಕಲಿಯಲು ಜಾಗ, ಕಲಿಸಲು ಹಿರಿಯರು, ಕಲಿಯುವಷ್ಟು ದಿನ ಹೊಟ್ಟೆಗೆ ಅನ್ನ, ಈ ಮೂರು ಬೇಕು. ಮೊದಲ ಎರಡು ಬೆಂಗಳೂರಿನಲ್ಲಿ ಇವೆ. ಮೂರನೆಯದರ ಬಗ್ಗೆ ಕೊನೆಗೆ ಹೇಳುತ್ತೇವೆ.

ಈಗ ಕೆಲಸ ಎಲ್ಲಿದೆ?

ಹಿಂದೆ "ಟೆಲಿಫೋನ್ ಇಲಾಖೇಲಿ ಕೆಲ್ಸ" ಅಂದರೆ ಹೆಣ್ಣು ಕೊಡಲು ಮುಂದೆ ಬರುತ್ತಿದ್ದರು. ಆ ಕಾಲ ಕಳೆಯಿತು. ಬಿ.ಎಸ್.ಎನ್.ಎಲ್.ನಿಂದ 2020ರ ಜನವರಿ 31ರಂದು ಒಂದೇ ದಿನ ಸುಮಾರು 78,000 ನೌಕರರು ಸ್ವಯಂ ನಿವೃತ್ತಿ ಪಡೆದರು. ಖಾಸಗಿ ಮೊಬೈಲ್ ಕಂಪನಿಗಳೂ ಒಂದು ಕಾಲಕ್ಕೆ ಹತ್ತಾರು ಇದ್ದವು, ಈಗ ದೊಡ್ಡವು ಮೂರೇ ಉಳಿದಿವೆ. ಹಾಗಂತ ಕೆಲಸವೇ ಇಲ್ಲ ಅಂತಲ್ಲ, ಕೆಲಸದ ಮನೆ ಬದಲಾಗಿದೆ. ಹೊಸಬರಿಗೆ ಮುಖ್ಯವಾಗಿ ನಾಲ್ಕು ಬಾಗಿಲುಗಳಿವೆ.

ಮೊದಲನೆಯದು ಟವರಿನ ಕೆಲಸ. ಆಂಟೆನಾ ಕಟ್ಟಿಸುವುದು, ಫೈಬರ್ ಜೋಡಿಸುವುದು, ಬ್ಯಾಟರಿ ನೋಡುವುದು, ಕಾರಿನಲ್ಲಿ ಫೋನು ಮತ್ತು ಲ್ಯಾಪ್‌ಟಾಪ್ ಇಟ್ಟುಕೊಂಡು ಊರೂರು ಸುತ್ತಿ ಸಿಗ್ನಲ್ ಅಳೆಯುವುದು. ಇದಕ್ಕೆ ಡ್ರೈವ್ ಟೆಸ್ಟ್ ಅಂತಾರೆ. ಇಲ್ಲಿ ಟವರ್ ಒಬ್ಬರದು, ಉಪಕರಣ ಇನ್ನೊಬ್ಬರದು, ಸಂಬಳ ಕೊಡುವ ಕಂಟ್ರಾಕ್ಟರ್ ಮತ್ತೊಬ್ಬ. ಪಿ.ಎಫ್. ಕಟ್ಟುತ್ತಾರಾ, ಎತ್ತರ ಹತ್ತುವವರಿಗೆ ತರಬೇತಿ, ಬೆಲ್ಟು, ವಿಮೆ ಇದೆಯಾ ಅಂತ ಸೇರುವ ಮುಂಚೆ ಕೇಳಲೇಬೇಕು.

ಎರಡನೆಯದು ಕಂಟ್ರೋಲ್ ರೂಮಿನ ಕೆಲಸ. ಇಡೀ ನೆಟ್‌ವರ್ಕನ್ನು ಪರದೆಯ ಮೇಲೆ ನೋಡುತ್ತ, ಎಲ್ಲಿ ಕೆಟ್ಟಿತು ಅಂತ ಹಿಡಿದು ಸಂಬಂಧಪಟ್ಟವರಿಗೆ ತಿಳಿಸುವುದು. ಇದು ಪಾಳಿಯ ಕೆಲಸ. ಹೆಣ್ಣುಮಕ್ಕಳನ್ನು ಕಳಿಸುವ ತಂದೆತಾಯಿ ರಾತ್ರಿ ಪಾಳಿಗೆ ಮನೆ ಬಾಗಿಲಿಗೆ ಗಾಡಿ ಕೊಡುತ್ತಾರಾ ಅಂತ ಸಂಕೋಚವಿಲ್ಲದೆ ವಿಚಾರಿಸಿ.

ಮೂರನೆಯದು ಲ್ಯಾಬಿನ ಕೆಲಸ. ಹೊಸ ಉಪಕರಣವನ್ನು ನೂರು ಥರ ಪರೀಕ್ಷೆ ಮಾಡಿ ತಪ್ಪು ಹುಡುಕುವುದು. 2000ದಲ್ಲಿ ಆರಂಭವಾದ ತೇಜಸ್ ನೆಟ್‌ವರ್ಕ್ಸ್‌ನ ಕೇಂದ್ರ ಕಚೇರಿ ಎಲೆಕ್ಟ್ರಾನಿಕ್ ಸಿಟಿಯಲ್ಲೇ ಇದೆ. ಸಿ-ಡಾಟ್‌ನ ಬೆಂಗಳೂರು ಕೇಂದ್ರವೂ ಅಲ್ಲೇ. ಬಿ.ಎಸ್.ಎನ್.ಎಲ್.ನ ಸ್ವದೇಶಿ 4ಜಿ ಜಾಲ 2025ರ ಸೆಪ್ಟೆಂಬರಿನಲ್ಲಿ ಲೋಕಾರ್ಪಣೆ ಆಯಿತಲ್ಲ, ಅದರ ರೇಡಿಯೋ ತೇಜಸ್‌ನದು, ಒಳಗಿನ ಕೋರ್ ಸಿ-ಡಾಟ್‌ನದು, ಎಲ್ಲವನ್ನೂ ಜೋಡಿಸಿದವರು ಟಿ.ಸಿ.ಎಸ್.

ನಾಲ್ಕನೆಯದು ಕಾರ್ಖಾನೆ. ಟೆಲಿಕಾಂ ಉಪಕರಣಗಳನ್ನು ದೇಶದಲ್ಲೇ ತಯಾರಿಸಲು 2021ರಲ್ಲಿ ಕೇಂದ್ರ ಸರ್ಕಾರ 12,195 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ಪ್ರಕಟಿಸಿತು. ಬೋರ್ಡ್ ಜೋಡಣೆ, ಟೆಸ್ಟಿಂಗ್, ಗುಣಮಟ್ಟ ಪರೀಕ್ಷೆ ವಿಭಾಗಗಳಲ್ಲಿ ಡಿಪ್ಲೊಮಾದವರಿಗೂ ಜಾಗ ಇದೆ. "ಬಿ.ಇ. ಓದಿ ಫ್ಯಾಕ್ಟರಿಗಾ?" ಅಂತ ಮೂಗು ಮುರಿಯಬೇಡಿ. ಬೋರ್ಡನ್ನು ಕೈಯಲ್ಲಿ ಹಿಡಿದು ರಿಪೇರಿ ಮಾಡಿದವನಿಗೆ ಲ್ಯಾಬಿನಲ್ಲೂ ಬೆಲೆ ಇದೆ.

ಏನು ಕಲಿಯಬೇಕು?

ವಿದ್ಯಾರ್ಥಿಗಳೇ, ಈ ಮಾತು ನಿಮಗೆ. ಹಿಂದಿನ ಎಕ್ಸ್‌ಚೇಂಜ್ ಅಂದರೆ ಒಂದು ಕೋಣೆ ತುಂಬ ಬೀರುಗಳು. ಈಗ ಆ ಕೆಲಸದ ಬಹುಪಾಲನ್ನು ಸಾಮಾನ್ಯ ಕಂಪ್ಯೂಟರ್ ಸರ್ವರಿನ ಮೇಲೆ ಸಾಫ್ಟ್‌ವೇರು ಮಾಡುತ್ತದೆ. ಆದ್ದರಿಂದ ಆಂಟೆನಾ, ಸಿಗ್ನಲ್ ಪಾಠದ ಜೊತೆಗೆ ಲಿನಕ್ಸ್, ಐ.ಪಿ. ನೆಟ್‌ವರ್ಕಿಂಗ್, ಪೈಥಾನ್ ಅಥವಾ ಸಿ ಭಾಷೆ ಬರಬೇಕು. ಇವನ್ನು ಕಲಿಯಲು ಲಕ್ಷ ರೂಪಾಯಿಯ ಕೋರ್ಸು ಬೇಡ, ಒಂದು ಹಳೆಯ ಲ್ಯಾಪ್‌ಟಾಪು ಮತ್ತು ದಿನಕ್ಕೆ ಮೂರು ಗಂಟೆಯ ಶ್ರದ್ಧೆ ಸಾಕು.

ಇಂಟರ್‌ವ್ಯೂನಲ್ಲಿ ಕೇಳುವುದು ಬುಡದ ಪ್ರಶ್ನೆಗಳನ್ನೇ. ಒಂದು ಅಭ್ಯಾಸ ಹೇಳುತ್ತೇವೆ. ನಿಮ್ಮ ಫೋನಿನ ಸೆಟ್ಟಿಂಗ್‌ನಲ್ಲಿ ಸಿಗ್ನಲ್ ಎಷ್ಟಿದೆ ಅಂತ ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತದೆ. ಟವರ್ ಬುಡದಿಂದ ಕೆರೆ ಏರಿಯ ತನಕ ನಡೆಯುತ್ತ ನೂರು ಹೆಜ್ಜೆಗೊಮ್ಮೆ ಅದನ್ನು ಬರೆದುಕೊಳ್ಳಿ. ಒಂದು ಕಡೆ ಮೈನಸ್ 80 ಇದ್ದು ಇನ್ನೊಂದು ಕಡೆ ಮೈನಸ್ 110 ಆದರೆ, ಸಿಗ್ನಲಿನ ಶಕ್ತಿ ಸಾವಿರದಲ್ಲಿ ಒಂದು ಪಾಲಿಗೆ ಇಳಿಯಿತು ಅಂತ ಅರ್ಥ. ತೋಪಿನ ಹಿಂದೆ ಏಕೆ ಇಳಿಯಿತು, ದಿಣ್ಣೆಯ ಮೇಲೆ ಏಕೆ ಏರಿತು? ನಕ್ಷೆ ಬರೆದು ಕಾರಣ ಹುಡುಕಿ. "ಪ್ರಾಜೆಕ್ಟ್ ಏನು ಮಾಡಿದ್ದೀರಿ?" ಅಂದಾಗ ದುಡ್ಡು ಕೊಟ್ಟು ತಂದ ಪ್ರಾಜೆಕ್ಟಿಗಿಂತ ಈ ನಕ್ಷೆ ಹೆಚ್ಚು ಮಾತಾಡುತ್ತದೆ.

ದುಡ್ಡು ಕಟ್ಟಿದರೆ ಕೆಲಸ?

ಈಗ ಮೊದಲ ಪ್ರಶ್ನೆಗೆ ಬರೋಣ. ಕಟ್ಟಬೇಡಿ. ಬೆಂಗಳೂರಿನಲ್ಲಿ ಇದಕ್ಕೆ "ಬ್ಯಾಕ್‌ಡೋರ್" ಅಂತಾರೆ. ಕೆಲಸ ಕೊಡುವ ನಿಜವಾದ ಕಂಪನಿ ಡಿಪಾಜಿಟ್ ಕೇಳುವುದಿಲ್ಲ. ನಮಗೆ ಗೊತ್ತಿರುವ ಹುಡುಗರಲ್ಲೇ ಕೆಲವರು ದುಡ್ಡು ಕಟ್ಟಿ, ಮೂರು ತಿಂಗಳು ಯಾವುದೋ ಮಹಡಿಯಲ್ಲಿ "ಟ್ರೈನಿಂಗ್" ಮುಗಿಸಿ, ಒಂದು ಬೆಳಗ್ಗೆ ಹೋಗಿ ನೋಡಿದರೆ ಬಾಗಿಲಿಗೆ ಬೀಗ. ಇನ್ನು ಕೆಲವರಿಗೆ ಮಾಡದ ಕೆಲಸದ ಅನುಭವ ಪತ್ರ ಮಾಡಿಕೊಡುತ್ತಾರೆ. ಆಮೇಲೆ ಕಂಪನಿ ಪಿ.ಎಫ್. ದಾಖಲೆ ತೆಗೆದು ನೋಡಿದಾಗ ಸಿಕ್ಕಿದ ಕೆಲಸವೂ ಹೋಗುತ್ತದೆ, ಹೆಸರೂ ಕೆಡುತ್ತದೆ. ಇನ್ನೊಂದು ಮಾತು, ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಕೊಟ್ಟು ಬರಬೇಡಿ. ತೋರಿಸಿ, ನಕಲು ಕೊಡಿ, ಮೂಲ ಪ್ರತಿ ಮನೆಗೆ ತನ್ನಿ.

ನಮ್ಮ ಜನ ದಡ್ಡರಾಗಿ ಮೋಸ ಹೋಗುತ್ತಿಲ್ಲ, ಕಾಯಲಾಗದೆ ಮೋಸ ಹೋಗುತ್ತಿದ್ದಾರೆ. ಡಿಗ್ರಿ ಮುಗಿದದ್ದಕ್ಕೂ ಮೊದಲ ಸರಿಯಾದ ಸಂಬಳಕ್ಕೂ ನಡುವೆ ಒಂದು ವರ್ಷದ ಕಂದಕ ಇದೆ. ಪಟ್ಟಣದ ಹುಡುಗ ಆ ವರ್ಷವನ್ನು ಅಪ್ಪನ ಮನೆಯಲ್ಲಿ ಉಂಡು ಕಳೆಯುತ್ತಾನೆ. ನಮ್ಮ ಹುಡುಗ ಪಿ.ಜಿ. ಬಾಡಿಗೆ ಕಟ್ಟಬೇಕು. ಕೇಂದ್ರದ ಅಪ್ರೆಂಟಿಸ್ ಯೋಜನೆಯಲ್ಲಿ ಪದವೀಧರರಿಗೆ ಒಂದು ವರ್ಷದ ತರಬೇತಿ ಇದೆ, ಸರ್ಕಾರಿ ಕಾರ್ಖಾನೆಗಳೂ ತೆಗೆದುಕೊಳ್ಳುತ್ತವೆ, ಬಿಡಿಗಾಸು ಕಟ್ಟುವ ಹಾಗಿಲ್ಲ. ಆದರೆ ಅದರ ಕನಿಷ್ಠ ಸ್ಟೈಪೆಂಡ್ 2019ರ ನಿಯಮದಲ್ಲಿ ನಿಗದಿಯಾದದ್ದು ತಿಂಗಳಿಗೆ 9,000 ರೂಪಾಯಿ. ಬಾಡಿಗೆ, ಊಟ, ಓಡಾಟ ಕಳೆದರೆ ಕೈಯಲ್ಲಿ ಏನೂ ನಿಲ್ಲುವುದಿಲ್ಲ. ಹಾಗಾಗಿ ಒಳ್ಳೆಯ ತರಬೇತಿ ಬಿಟ್ಟು ಹುಡುಗರು ವಾಪಸು ಬರುತ್ತಾರೆ. ದಲ್ಲಾಳಿ ಕಾದು ಕೂತಿರುವುದು ಅವರಿಗೇ.

ಸಂಘಕ್ಕೆ ನಮ್ಮ ವಿನಂತಿ

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ರೈತನನ್ನು ಸಾಹುಕಾರನ ಬಾಗಿಲಿಂದ ಬಿಡಿಸಲು. ಇವತ್ತು ಸಾಹುಕಾರನ ಜಾಗದಲ್ಲಿ ಕೆಲಸ ಕೊಡಿಸುವ ದಲ್ಲಾಳಿ ಕೂತಿದ್ದಾನೆ. ಅವನಿಂದ ಬಿಡಿಸುವುದೂ ಸಹಕಾರದ ಕೆಲಸವೇ ಅಂತ ನಮ್ಮ ನಂಬಿಕೆ.

ಬೆಳೆಸಾಲದ ಕಂತನ್ನು ಬಿತ್ತನೆಯ ತಿಂಗಳೇ ಕಟ್ಟು ಅಂತ ಯಾರೂ ಕೇಳುವುದಿಲ್ಲ. ಫಸಲು ಬಂದ ಮೇಲೆ ವಸೂಲಿ. ಓದಿದ ಮಕ್ಕಳಿಗೂ ಅದೇ ನ್ಯಾಯ ಇರಲಿ. ಅಪ್ರೆಂಟಿಸ್ ಆಗಿ ಅಥವಾ ಸಣ್ಣ ಸಂಬಳಕ್ಕೆ ಸೇರಿದ ನಮ್ಮೂರ ಮಗುವಿಗೆ ಒಂದು ವರ್ಷ ತಿಂಗಳು ತಿಂಗಳು ಸಣ್ಣ ಮೊತ್ತದ ಸಾಲ ಕೊಡಿ. ಸೇರ್ಪಡೆ ಪತ್ರ ನೋಡಿ ಕೊಡಿ, ಇಬ್ಬರ ಜಾಮೀನು ಇರಲಿ, ವರ್ಷ ಮುಗಿದ ಮೇಲೆ ಕಂತು ಶುರುವಾಗಲಿ. ಕೆಲಸಕ್ಕೆ ಡಿಪಾಜಿಟ್ ಕಟ್ಟಲು ಸಾಲ ಕೇಳಿದರೆ ಮಾತ್ರ ಒಂದು ರೂಪಾಯಿಯನ್ನೂ ಕೊಡಬೇಡಿ. "ನಮ್ಮ ದುಡ್ಡು ನಾವು ಕಟ್ಕೋತೀವಿ" ಅಂತ ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ತಡೆದು ನಿಲ್ಲಿಸಿ.

ನಮ್ಮ ಕಡೆಯಿಂದ ಎರಡು ಕೆಲಸ ಒಪ್ಪಿಕೊಂಡಿದ್ದೇವೆ. ಒಂದು, ಯಾರಿಗೇ ಕೆಲಸದ ಪತ್ರ ಬಂದರೂ ಅದು ಅಸಲಿಯೋ ನಕಲಿಯೋ ಅಂತ ವಿಚಾರಿಸಿ ಸಂಘದ ಕಚೇರಿಗೆ ತಿಳಿಸುತ್ತೇವೆ. ಎರಡು, ಈ ಸಾಲದ ನಿಧಿಗೆ ನಾವು ಪ್ರತಿಯೊಬ್ಬರೂ ನಮ್ಮ ಒಂದು ತಿಂಗಳ ಸಂಬಳವನ್ನು ಸಂಘದಲ್ಲಿ ಠೇವಣಿ ಇಡುತ್ತೇವೆ. ಅದು ದಾನ ಅಲ್ಲ. ಸಾಲ ವಸೂಲಾದರೆ ನಮ್ಮ ಠೇವಣಿ ಉಳಿಯುತ್ತದೆ, ಆಗದಿದ್ದರೆ ನಷ್ಟದಲ್ಲಿ ನಮ್ಮದೂ ಪಾಲು. ಇದನ್ನು ಮುಂದಿನ ಮಹಾಸಭೆಯ ವಿಷಯ ಪಟ್ಟಿಯಲ್ಲಿ ಸೇರಿಸಿ, ಪರ ವಿರೋಧ ಚರ್ಚಿಸಿ ತೀರ್ಮಾನ ಮಾಡಬೇಕಾಗಿ ಅಧ್ಯಕ್ಷರಲ್ಲಿ ಕೇಳಿಕೊಳ್ಳುತ್ತೇವೆ.