ಮರಳು, ಬಳಪ, ಪಾಟಿ



ಬೆಳಗಾವಿಯ ರವಿವಾರ ಪೇಟೆಯು ವ್ಯಾಪಾರದ ಪೇಟೆ. ಗಾದಿಯ ಮೇಲೆ ಕುಳಿತವನಿಗೆ ಕಿರ್ದಿ-ಖಾತೆ ಬರೆಯಲು ಬಾರದಿದ್ದರೆ ಅಲ್ಲಿ ನಡೆಯದು. ಈ ಸೀಮೆಯಲ್ಲಿ ಅಂಥ ಕೈಬರಹಕ್ಕೆ ಬುನಾದಿ ಹಾಕಿದುದು ಗಾಂವಠಿ ಶಾಲೆ. ಜನರು ಅದನ್ನು ಐಗಳ ಮಠವೆಂದೂ ಕರೆಯುತ್ತಿದ್ದರು. ಸಾಲಿಮಠವೆಂಬ ಮನೆತನದ ಹೆಸರು ಇಂದಿಗೂ ಆ ನೆನಪನ್ನು ಹೊತ್ತಿದೆ.

ಮಠಕ್ಕೆ ಬಂದ ಬಾಲಕನ ಮೊದಲ ಪುಸ್ತಕವೇ ಮರಳು. ಹರಡಿದ ಮರಳಿನಲ್ಲಿ ಐಗಳು ಅವನ ಬೆರಳು ಹಿಡಿದು ಅಕ್ಷರ ತಿದ್ದಿಸುವರು. ತಪ್ಪಿದರೆ ಅಂಗೈಯಿಂದ ಸವರಿದರಾಯಿತು. ಅನಂತರ ಬಳಪ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿದ ಕರಿಯ ಕಡತದ ಮೇಲೆ ವರ್ತಕರು ಲೆಕ್ಕ ಬರೆಯುತ್ತಿದ್ದುದೂ ಈ ಬಳಪದಿಂದಲೇ. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಉಳಿದುಬಂದಿವೆ. ಕೈ ಪಳಗಿದವನಿಗೆ ಮಾತ್ರ ಬೊರುವಿನ ಲೆಕ್ಕಣಿಕೆ, ದೌತಿ ಮತ್ತು ಕಾಗದ. ಏಕೆಂದರೆ ಕಾಗದ ತುಟ್ಟಿ, ಮಸಿ ಅಳಿಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಸರಕಾರಿ ಶಾಲೆಗಳು ಹಬ್ಬಿದಂತೆ ಮರದ ಚೌಕಟ್ಟಿನ ಕಲ್ಲುಪಾಟಿ ಬಂದಿತು. ಡೆಪ್ಯುಟಿ ಚನ್ನಬಸಪ್ಪನವರು (1834–1881) ಕನ್ನಡ ಶಾಲೆಗಳಿಗಾಗಿ ದುಡಿದ ಕಾಲವದು.

ಕನ್ನಡದಲ್ಲಿ ‘ತಿದ್ದು’ ಎಂಬ ಮಾತಿಗೆ ಎರಡು ಅರ್ಥಗಳುಂಟು: ಅಕ್ಷರದ ಮೇಲೆ ಕೈಯಾಡಿಸಿ ಕಲಿಯುವುದು ಒಂದು, ತಪ್ಪನ್ನು ಸರಿಪಡಿಸುವುದು ಇನ್ನೊಂದು. ಮರಳೂ ಪಾಟಿಯೂ ಇವೆರಡನ್ನೂ ಒಟ್ಟಿಗೆ ಕಲಿಸಿದವು. ನೂರು ಸಲ ತಪ್ಪಿದರೂ ಬಡವನ ಮಗನಿಗೆ ಒಂದು ಕಾಸಿನ ಹಾನಿಯಿರಲಿಲ್ಲ.

ಆದರೆ ಒಂದು ಸತ್ಯವನ್ನು ಮರೆಮಾಚಲಾಗದು. ಮರಳಿಗೆ ಬೆಲೆಯಿರಲಿಲ್ಲ, ಅದರ ಮುಂದೆ ಕೂಡ್ರುವ ಹಕ್ಕು ಮಾತ್ರ ಎಲ್ಲರಿಗೂ ಇರಲಿಲ್ಲ. ಹೆಣ್ಣುಮಕ್ಕಳೂ ಅಸ್ಪೃಶ್ಯರೆನಿಸಿದವರ ಮಕ್ಕಳೂ ಬಹುಮಟ್ಟಿಗೆ ಹೊರಗೆ ಉಳಿದರು. ಬಾಗಿಲು ತೆರೆಯಲು ಬಹುಕಾಲ ಹಿಡಿಯಿತು. 1916ರ ನವೆಂಬರ 13ರಂದು ಬೆಳಗಾವಿಯಲ್ಲಿ ಸಪ್ತರ್ಷಿಗಳೆನಿಸಿದ ಏಳು ಜನರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 2009ರ ಕಾಯಿದೆಯು 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಶಿಕ್ಷಣದ ಹಕ್ಕನ್ನಿತ್ತಿತು.

ಇಂದು ಕಾಲಚಕ್ರವು ವಿಚಿತ್ರವಾಗಿ ತಿರುಗಿದೆ. ಅಂದು ಸಾಧನ ಅಗ್ಗ, ಸ್ಥಾನ ದುರ್ಲಭ. ಇಂದು ಸ್ಥಾನ ಎಲ್ಲರದು. ಆದರೆ ಪಾಟಿಯ ಜಾಗಕ್ಕೆ ಬಂದ ವಿದ್ಯುತ್ಫಲಕವು ಬಡವನ ಕೈಗೆ ಎಟುಕದು. ಬೆಲೆಯ ಕಾರಣದಿಂದ ಒಂದು ಮಗುವೂ ಹಿಂದುಳಿಯದಂತೆ ನೋಡುವ ಹೊಣೆಯು ದಾಸೋಹವನ್ನು ನಂಬಿದ ಸರ್ವರ ಮೇಲಿದೆ. ಅನ್ನವನ್ನು ನೀಡುವ ಕೈಯೇ ಅಕ್ಷರದ ಸಾಧನವನ್ನೂ ನೀಡಲಿ.