ಅಂಗೈ ಮೇಲಿನ ವಿಮಾನ



ಈ ಭಾಷಣ ಪ್ರಸಾರವಾದಾಗ ನನ್ನ ಮುಂದಿನ ಮೇಜಿನ ಮೇಲೆ ಇಟ್ಟಿದ್ದ ಪುಟ್ಟ ವಿಮಾನವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ನೋಡದೆ ಇದ್ದವರಿಗಾಗಿ ಹೇಳುತ್ತೇನೆ. ಅದರ ಉದ್ದ 12 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ 15 ಸೆಂಟಿಮೀಟರ್. ಬಣ್ಣ ಕಡುಹಸಿರು, ಆದರೆ ಅಲ್ಲಲ್ಲಿ ಹಸಿರು ಸುಲಿದು ಒಳಗಿನ ಲೋಹ ಬೆಳ್ಳಗೆ ಕಾಣುತ್ತದೆ. ರೆಕ್ಕೆಗಳ ಮೇಲೆ ಎರಡು ಕೆಂಪು ವೃತ್ತಗಳು. ಇದು ಎರಡನೇ ಮಹಾಯುದ್ಧದ ಕಾಲದ ಜಪಾನಿನ ಭೂಸೇನೆಯ ಹಯಾಬುಸಾ ಎಂಬ ಯುದ್ಧವಿಮಾನದ ಪ್ಲಾಸ್ಟಿಕ್ ಮಾದರಿ.

ಇದು ಮಕ್ಕಳ ಆಟಿಕೆಯಲ್ಲವೇ ಎಂದು ನೀವು ಕೇಳಬಹುದು. ಇನ್ನೂ ಮುಂದೆ ಹೋಗಿ, ಯುದ್ಧದ ಸಲಕರಣೆಯನ್ನು ಮನೆಯ ಕಪಾಟಿನಲ್ಲಿ ಅಲಂಕಾರಕ್ಕೆ ಇಡುವುದು ಸರಿಯೇ ಎಂದೂ ಕೇಳಬಹುದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಎರಡನೆಯದನ್ನು ನನಗೆ ಮೊದಲು ಕೇಳಿದವರು ನನ್ನ ಸೋದರಮಾವ.

ಅವರು 1944ರಲ್ಲಿ ಸೈನ್ಯದ ಲಾರಿ ಚಾಲಕರಾಗಿ ಇಂಫಾಲದಲ್ಲಿದ್ದರು. ಆ ವರ್ಷ ಮಾರ್ಚಿನಿಂದ ಜುಲೈವರೆಗೆ ಇಂಫಾಲದ ಸುತ್ತ ನಡೆದ ಕಾಳಗದಲ್ಲಿ ಬರ್ಮಾದಿಂದ ಹಾರಿ ಬಂದು ದಾಳಿ ಮಾಡುತ್ತಿದ್ದದ್ದು ಇದೇ ಹಯಾಬುಸಾ. ನಾನು ಯುವಕನಾಗಿದ್ದಾಗ, ಹೊರದೇಶದಲ್ಲಿದ್ದ ಸ್ನೇಹಿತನೊಬ್ಬ ಕಳುಹಿಸಿದ ಮಾದರಿಯ ಪೆಟ್ಟಿಗೆಯಿಂದ ನನ್ನ ಮೊದಲ ವಿಮಾನವನ್ನು ಜೋಡಿಸಿದೆ. ಬಣ್ಣ ಬಳಿದು, ಮೇಲೆ ವಾರ್ನಿಷ್ ಹಚ್ಚಿ, ಫಳಫಳ ಹೊಳೆಯುವಂತೆ ಮಾಡಿ ಮಾವನಿಗೆ ತೋರಿಸಿದೆ. ಅವರು ಅದನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಹೇಳಿದರು: "ಆಕಾರ ಸರಿಯಾಗಿದೆ. ಆದರೆ ಇಷ್ಟು ಹೊಸದಾಗಿರಲಿಲ್ಲ ಕಣೋ. ನಾನು ನೋಡಿದ್ದು ಬಿದ್ದ ವಿಮಾನ. ಅದರ ಬಣ್ಣವೆಲ್ಲ ಸುಲಿದಿತ್ತು." ಸ್ವಲ್ಪ ಸುಮ್ಮನಿದ್ದು ಮತ್ತೆ ಕೇಳಿದರು: "ಒಳಗೆ ಕೂತಿದ್ದ ಹುಡುಗ ಎಲ್ಲಿ? ಖಾಲಿ ವಿಮಾನ ಮನೆಯಲ್ಲಿ ಯಾಕೆ ಇಡ್ತೀಯ?"

ಆಗ ನನ್ನಲ್ಲಿ ಉತ್ತರವಿರಲಿಲ್ಲ. ಇಂದು ನಾನು ಹೇಳಹೊರಟಿರುವುದೆಲ್ಲ ಅವರ ಆ ಎರಡು ಮಾತುಗಳನ್ನು ಕುರಿತದ್ದೇ.

ಮೊದಲು ಅಳತೆಯ ವಿಚಾರ. ಅಂಗಡಿಗಳಲ್ಲಿ ದೊರೆಯುವ ವಿಮಾನದ ಮಾದರಿಗಳು ಹೆಚ್ಚಾಗಿ 1:72, 1:48 ಮತ್ತು 1:32 ಎಂಬ ಪ್ರಮಾಣಗಳಲ್ಲಿ ಇರುತ್ತವೆ. 1:72 ಎಂದರೆ ನಿಜವಾದ ವಿಮಾನದ 72ರಲ್ಲಿ ಒಂದು ಪಾಲು. ಈ ವಿಚಿತ್ರ ಸಂಖ್ಯೆ ಬಂದದ್ದು ಅಡಿ-ಅಂಗುಲಗಳ ಲೆಕ್ಕದಿಂದ. ಆರು ಅಡಿ ಎತ್ತರದ ಮನುಷ್ಯ ಈ ಪ್ರಮಾಣದಲ್ಲಿ ಸರಿಯಾಗಿ ಒಂದು ಅಂಗುಲವಾಗುತ್ತಾನೆ. ಜಪಾನಿನ ನೌಕಾದಳದ ಹೆಸರಾಂತ ಜೀರೋ ವಿಮಾನದ 21ನೇ ಮಾದರಿಯ ರೆಕ್ಕೆಯ ಹರವು 12 ಮೀಟರ್. 1:48ರಲ್ಲಿ ಅದು ಸರಿಯಾಗಿ 25 ಸೆಂಟಿಮೀಟರ್ ಆಗುತ್ತದೆ. ಹೊಸಬರು ಇದೇ ಪ್ರಮಾಣದಿಂದ ಆರಂಭಿಸುವುದು ಒಳ್ಳೆಯದು. ಬಿಡಿಭಾಗಗಳು ಬೆರಳಿಗೆ ಸಿಗುತ್ತವೆ.

ಈ ಹವ್ಯಾಸಕ್ಕೂ ಯುದ್ಧಕ್ಕೂ ಹಳೆಯ ನಂಟಿದೆ. 1942ರಲ್ಲಿ ಅಮೆರಿಕದ ನೌಕಾದಳವು ಶಾಲಾ ವಿದ್ಯಾರ್ಥಿಗಳಿಂದ ಐದು ಲಕ್ಷ ಮರದ ವಿಮಾನಗಳನ್ನು ಮಾಡಿಸುವ ಯೋಜನೆ ಹಾಕಿತು. ಪ್ರಮಾಣ 1:72, ಬಣ್ಣ ಪೂರ್ತಿ ಕಪ್ಪು. ಹತ್ತು ಮೀಟರ್ ದೂರದಲ್ಲಿ ಹಿಡಿದ ಇಂತಹ ಮಾದರಿ, 720 ಮೀಟರ್ ದೂರದ ನಿಜವಾದ ವಿಮಾನ ಎಷ್ಟು ಕಾಣುತ್ತದೆಯೋ ಅಷ್ಟೇ ಕಾಣುತ್ತದೆ. ಸೈನಿಕರು ಶತ್ರು ಯಾರು, ಮಿತ್ರ ಯಾರು ಎಂದು ಆಕಾರದಿಂದಲೇ ಗುರುತಿಸಲು ಕಲಿಯಲಿ ಎಂಬುದು ಉದ್ದೇಶ. ಅಂದರೆ ಜಪಾನಿನ ವಿಮಾನಗಳ ಎಷ್ಟೋ ಮಾದರಿಗಳನ್ನು ಮಕ್ಕಳು ಕೆತ್ತಿದ್ದು, ನಿಜವಾದದ್ದನ್ನು ಹೊಡೆದುರುಳಿಸುವುದಕ್ಕೆ ನೆರವಾಗಲೆಂದು. ಹೆಸರುಗಳ ಗೊಂದಲ ಬೇಡವೆಂದು ಮಿತ್ರಪಕ್ಷದವರು ಅದೇ ಯುದ್ಧಕಾಲದಲ್ಲಿ ಈ ವಿಮಾನಗಳಿಗೆ ತಮ್ಮೂರಿನ ಹೆಸರುಗಳನ್ನೂ ಇಟ್ಟರು. ಯುದ್ಧವಿಮಾನಗಳಿಗೆ ಗಂಡಸರ ಹೆಸರು, ಬಾಂಬರುಗಳಿಗೆ ಹೆಂಗಸರ ಹೆಸರು. ಜೀರೋ ಅವರಿಗೆ 'ಝೀಕ್' ಆಯಿತು, ಹಯಾಬುಸಾ 'ಆಸ್ಕರ್' ಆಯಿತು.

ಯುದ್ಧ ಮುಗಿದ ಮೇಲೆ ಇದೇ ಕಲೆ ಜಪಾನಿನ ಶಿಜುವೋಕಾ ನಗರದಲ್ಲಿ ಬೇರೆ ರೂಪ ತಾಳಿತು. ಅಲ್ಲಿ ಮರಗೆಲಸದ ಹಳೆಯ ಪರಂಪರೆಯಿತ್ತು. ಇಂದು ಲೋಕವೆಲ್ಲ ಬಲ್ಲ ತಮಿಯಾ ಸಂಸ್ಥೆ 1946ರಲ್ಲಿ ಮರದ ವ್ಯಾಪಾರವಾಗಿ ಶುರುವಾಗಿ, ಮರದ ಮಾದರಿಗಳಿಗೆ ಹೊರಳಿ, 1960ರಲ್ಲಿ ತನ್ನ ಮೊದಲ ಪ್ಲಾಸ್ಟಿಕ್ ಮಾದರಿಯನ್ನು ಹೊರತಂದಿತು. ಹಸೆಗಾವಾ ಸಂಸ್ಥೆಯೂ ಅದೇ ಹೆಸರಿನ ಪ್ರಾಂತ್ಯದ್ದು. ಸೋತ ದೇಶದ ಮಕ್ಕಳು ತಮ್ಮ ತಂದೆಯರ ಕಾಲದ ವಿಮಾನಗಳನ್ನು ತಾವೇ ಜೋಡಿಸತೊಡಗಿದರು.

ಇನ್ನು ವಿಮಾನಗಳ ಪರಿಚಯ. ಜೀರೋ ಮತ್ತು ಹಯಾಬುಸಾ ನೋಡಲು ಅಣ್ಣತಮ್ಮಂದಿರಂತೆ ಇರುವುದರಿಂದ ಆಗಿನ ಸೈನಿಕರೂ ಎಷ್ಟೋ ಸಲ ಮೋಸ ಹೋದರು. ಜೀರೋ ನೌಕಾದಳದ್ದು. ಮಿತ್ಸುಬಿಷಿ ಕಂಪನಿಯ ಜಿರೋ ಹೊರಿಕೋಶಿ ಅದರ ಮುಖ್ಯ ವಿನ್ಯಾಸಕ. ಮೊದಲು ಹಾರಿದ್ದು 1939ರ ಏಪ್ರಿಲ್ 1ರಂದು. ಸೇವೆಗೆ ಸೇರಿದ 1940ನೇ ಇಸವಿ ಜಪಾನಿನ ಪಂಚಾಂಗದಲ್ಲಿ 2600. ಕೊನೆಯ ಸೊನ್ನೆಯೇ ಅದರ ಹೆಸರಾಯಿತು. ಎರಡು ಕಂಪನಿಗಳು ಸೇರಿ ಹತ್ತು ಸಾವಿರಕ್ಕೂ ಹೆಚ್ಚು ಜೀರೋಗಳನ್ನು ತಯಾರಿಸಿದವು. ಹಯಾಬುಸಾ ಎಂದರೆ ಡೇಗೆ ಹಕ್ಕಿ. ಅದು ಭೂಸೇನೆಯದು, ನಕಾಜಿಮಾ ಕಂಪನಿಯ ತಯಾರಿಕೆ. ಮೊದಲ ಮಾದರಿಗೆ ಎರಡು ಅಲಗಿನ ಪ್ರೊಪೆಲ್ಲರ್, ಎರಡನೆಯದಕ್ಕೆ ಮೂರು. ಎರಡನೆಯದರ ರೆಕ್ಕೆಯ ಹರವನ್ನು 11.44 ಮೀಟರಿನಿಂದ 10.84ಕ್ಕೆ ಇಳಿಸಿದರು. ಇಂತಹ ವ್ಯತ್ಯಾಸಗಳನ್ನು ತಿಳಿಯದೆ ಅಂಟು ಮುಟ್ಟಬಾರದು.

ಈ ವಿಮಾನಗಳ ಗುಟ್ಟು ಒಂದೇ: ಹಗುರ. ಹಗುರವಾದ್ದರಿಂದ ದೂರ ಹಾರುತ್ತಿದ್ದವು, ಗಿರಕ್ಕನೆ ತಿರುಗುತ್ತಿದ್ದವು. ಆ ಹಗುರಕ್ಕೆ ಬೆಲೆ ತೆತ್ತವನು ಚಾಲಕ. ಆರಂಭದ ಜೀರೋದಲ್ಲಿ ಅವನ ಬೆನ್ನಿಗೆ ಉಕ್ಕಿನ ತಟ್ಟೆಯಿರಲಿಲ್ಲ. ಗುಂಡು ತಗುಲಿದರೆ ತಾನಾಗಿ ಮುಚ್ಚಿಕೊಳ್ಳುವ ಪೆಟ್ರೋಲ್ ತೊಟ್ಟಿಯೂ ಇರಲಿಲ್ಲ. ಮಾದರಿ ಕಟ್ಟುವವರು ಇದನ್ನು ಪುಸ್ತಕದಲ್ಲಿ ಓದುವುದಷ್ಟೇ ಅಲ್ಲ, ಕೈಯಲ್ಲಿ ಹಿಡಿದು ನೋಡುತ್ತಾರೆ. ಚಾಲಕನ ಆಸನವನ್ನು ಚೌಕಟ್ಟಿನಿಂದ ಕತ್ತರಿಸಿ ತೆಗೆದಾಗ ಅದರ ಮೈತುಂಬ ತೂತುಗಳಿರುತ್ತವೆ. ಕೆಲವು ಗ್ರಾಂ ತೂಕ ಉಳಿಸಲು ಕೊರೆದ ತೂತುಗಳು. ಹಯಾಬುಸಾದ ಎರಡನೆಯ ಮಾದರಿಗೆ ಆಸನದ ಹಿಂದೆ ಉಕ್ಕಿನ ತಟ್ಟೆ ಬಂತು. ನೀವು ಕಟ್ಟುತ್ತಿರುವುದು ಯಾವುದು ಎಂದು ನೋಡಿ ಅದನ್ನು ಇಡಬೇಕು, ಇಲ್ಲವೆ ಬಿಡಬೇಕು.

ಕೆಲಸದ ಕ್ರಮ ಹೀಗೆ. ಮೊದಲು ಚಾಲಕನ ಕೋಣೆ. ಒಡಲಿನ ಎರಡು ಹೋಳುಗಳನ್ನು ಅಂಟಿಸಿದ ಮೇಲೆ ಒಳಗೆ ಕುಂಚ ಹೋಗುವುದಿಲ್ಲವಾದ್ದರಿಂದ ಅಲ್ಲಿನ ಬಣ್ಣವೆಲ್ಲ ಮುಂಚೆಯೇ ಮುಗಿಯಬೇಕು. ನೌಕಾದಳದ ವಿಮಾನಗಳ ಒಳಮೈಗೆ ತುಕ್ಕು ಹಿಡಿಯದಂತೆ 'ಆವೊತಾಕೆ' ಎಂಬ ಅರೆಪಾರದರ್ಶಕ ಬಣ್ಣ ಬಳಿಯುತ್ತಿದ್ದರು. ಆ ಮಾತಿಗೆ ಹಸಿರು ಬಿದಿರು ಎಂದು ಅರ್ಥ. ಮಾದರಿಯಲ್ಲಿ ಅದನ್ನು ತರಲು ಮೊದಲು ಬೆಳ್ಳಿಯ ಬಣ್ಣ, ಅದು ಒಣಗಿದ ಮೇಲೆ ತಿಳಿಯಾದ ನೀಲಿ-ಹಸಿರು. ಆಮೇಲೆ ಒಡಲು, ರೆಕ್ಕೆ, ಬಾಲ. ಅಂಟು ಹಚ್ಚುವ ಮುಂಚೆ ಪ್ರತಿ ಭಾಗವನ್ನೂ ಒಮ್ಮೆ ಒಣದಾಗಿ ಕೂಡಿಸಿ ನೋಡಿ. ಸಂದುಗಳಿಗೆ ಪುಟ್ಟಿ ತುಂಬಿ, ನಯವಾದ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿ. ಗಾಜಿನ ಮುಚ್ಚಳಕ್ಕೆ ಅಂಟಿನ ಬೆರಳು ಸೋಕಿಸಬೇಡಿ. ಆ ಕಲೆ ಹೋಗುವುದಿಲ್ಲ. ಅಂಟು, ಬಣ್ಣ ಎರಡನ್ನೂ ಕಿಟಕಿ ತೆರೆದಿಟ್ಟೇ ಬಳಸಿ. ಬಣ್ಣ ಸಿಂಪಡಿಸುವಾಗ ಮೂಗಿಗೆ ಮುಸುಕು ಹಾಕಿಕೊಳ್ಳಿ. ಮಕ್ಕಳಿದ್ದರೆ ಹಿರಿಯರು ಜೊತೆಗಿರಲಿ.

ಈಗ ಮಾವ ಹೇಳಿದ ಮೊದಲ ಮಾತಿಗೆ ಬರುತ್ತೇನೆ: ಬಣ್ಣ.

ಜಪಾನಿನ ವಿಮಾನಗಳ ಬಣ್ಣ ಹೇಗಿತ್ತು ಎಂಬುದು ಹವ್ಯಾಸಿಗಳ ನಡುವೆ ದಶಕಗಳಿಂದ ನಡೆದ ಚರ್ಚೆ. 1945ರ ಆಗಸ್ಟಿನಲ್ಲಿ ಜಪಾನ್ ಶರಣಾದ ಮೇಲೆ ಅಪಾರ ಕಾಗದಪತ್ರಗಳು ಸುಟ್ಟುಹೋದವು, ಉಳಿದ ವಿಮಾನಗಳಲ್ಲಿ ಹೆಚ್ಚಿನವು ಗುಜರಿಯಾದವು. ಆ ಕಾಲದ ಛಾಯಾಚಿತ್ರಗಳು ಬಹುಪಾಲು ಕಪ್ಪು-ಬಿಳುಪು. ಹೀಗಾಗಿ ಕಾಡಿನಲ್ಲಿ, ದ್ವೀಪಗಳಲ್ಲಿ ದೊರೆತ ತಗಡಿನ ಚೂರುಗಳೇ ಸಾಕ್ಷಿ. ಅವುಗಳ ಬಣ್ಣವೂ ಬಿಸಿಲು ಮಳೆಗೆ ಬದಲಾಗಿರುತ್ತದೆ. ಆರಂಭದ ಜೀರೋಗಳ ಬೂದು ಬಣ್ಣದಲ್ಲಿ ಹಸಿರಿನ ಛಾಯೆ ಎಷ್ಟು, ಕಂದಿನ ಛಾಯೆ ಎಷ್ಟು ಎಂಬ ವಾದ ಹುಟ್ಟಿದ್ದು ಹೀಗೆ. ಆದರೆ ಖಚಿತವಾಗಿ ತಿಳಿದ ಸಂಗತಿಗಳೂ ಸಾಕಷ್ಟಿವೆ. ಮಿತ್ಸುಬಿಷಿ ಜೀರೋದ ಮೂತಿಯ ಕಪ್ಪಿನಲ್ಲಿ ನೀಲಿಯ ಛಾಯೆಯಿತ್ತು. 1943ರಿಂದ ಮೇಲ್ಮೈಗೆ ಕಡುಹಸಿರು ಬಂತು. ಆ ಹಸಿರಿಗೂ ಕೆಳಗಿನ ಬೂದಿಗೂ ನಡುವಿನ ಗೆರೆ ಮಿತ್ಸುಬಿಷಿಯಲ್ಲಿ ಬಾಲದವರೆಗೆ ನೇರವಾಗಿ ಹೋದರೆ, ನಕಾಜಿಮಾ ತಯಾರಿಸಿದವುಗಳಲ್ಲಿ ಬಾಲದ ರೆಕ್ಕೆಯ ಕಡೆಗೆ ಬಾಗಿ ಮೇಲೇರುತ್ತದೆ. ಆ ಗೆರೆಯೊಂದನ್ನು ನೋಡಿಯೇ ಅದು ಯಾವ ಕಾರ್ಖಾನೆಯದೆಂದು ಹೇಳಬಹುದು.

ಮಾವ ಕಂಡ ಸುಲಿದ ಬಣ್ಣಕ್ಕೂ ಕಾರಣವಿದೆ. ಭೂಸೇನೆಯ ಎಷ್ಟೋ ಹಯಾಬುಸಾಗಳು ಕಾರ್ಖಾನೆಯಿಂದ ಬರಿಯ ಲೋಹದ ಮೈಯಲ್ಲೇ ಹೊರಟು, ಮುಂಚೂಣಿಯ ನೆಲೆಗಳಲ್ಲಿ ಹಸಿರು ಬಳಿಸಿಕೊಂಡವು. ಅಡಿಲೇಪವಿಲ್ಲದ ಬಣ್ಣ ಬರ್ಮಾದ ಬಿಸಿಲಿಗೂ ಮಳೆಗೂ ನಿಲ್ಲಲಿಲ್ಲ. ನೌಕಾದಳದ ಜೀರೋಗಳ ಲೇಪ ಇದಕ್ಕಿಂತ ಗಟ್ಟಿ. 1941ರ ಜೀರೋವನ್ನು ಹಯಾಬುಸಾದಂತೆ ಸುಲಿದು ತೋರಿಸಿದರೆ ತಪ್ಪಾಗುತ್ತದೆ.

ಸುಲಿದಂತೆ ತೋರಿಸಲು ಅಡುಗೆಮನೆಯ ಉಪ್ಪು ಸಾಕು. ಉಪ್ಪುಕಾಗದವಲ್ಲ, ಉಪ್ಪೇ. ಮಾದರಿಗೆಲ್ಲ ಅಲ್ಯೂಮಿನಿಯಂ ಬಣ್ಣ ಸಿಂಪಡಿಸಿ ಒಂದು ದಿನ ಪೂರ್ತಿ ಒಣಗಲು ಬಿಡಿ. ಮೆಕ್ಯಾನಿಕರು ಕಾಲಿಡುತ್ತಿದ್ದ ರೆಕ್ಕೆಯ ಬುಡ, ಗಾಳಿ ಬಡಿಯುವ ರೆಕ್ಕೆಯ ಮುಂಚು, ತೆಗೆದು ಹಾಕುವ ಮುಚ್ಚಳಗಳ ಅಂಚು, ಇಷ್ಟು ಕಡೆ ಕುಂಚದಿಂದ ನೀರು ಸವರಿ ಉಪ್ಪಿನ ಹರಳು ಉದುರಿಸಿ. ನೀರು ಆರಿದಾಗ ಹರಳು ಅಲ್ಲೇ ಕಚ್ಚಿಕೊಳ್ಳುತ್ತದೆ. ಅದರ ಮೇಲೆ ಹಸಿರನ್ನು ತೆಳುವಾಗಿ ಸಿಂಪಡಿಸಿ. ಕುಂಚದಿಂದ ಬಳಿದರೆ ಹರಳು ಕದಲುತ್ತದೆ. ಬಣ್ಣ ಒಣಗಿದ ಮೇಲೆ ಬಿರುಸು ಬ್ರಷ್ಷಿನಿಂದ ಹರಳುಗಳನ್ನು ಉಜ್ಜಿ ತೆಗೆದು, ನೀರಿನಲ್ಲಿ ತೊಳೆಯಿರಿ. ಹರಳಿದ್ದ ಕಡೆಯೆಲ್ಲ ಲೋಹ ಇಣುಕುತ್ತದೆ. ಇದನ್ನು ಕಲಿತು ನಾನು ಎರಡನೆಯ ಹಯಾಬುಸಾ ಮಾಡುವ ಹೊತ್ತಿಗೆ ಮಾವ ತೀರಿಕೊಂಡಿದ್ದರು.

ಅವರ ಎರಡನೆಯ ಮಾತು ಉಳಿಯಿತು: ಹುಡುಗ ಎಲ್ಲಿ?

ಹುಡುಗ ಎಂದದ್ದು ಉತ್ಪ್ರೇಕ್ಷೆಯಲ್ಲ. ಜಪಾನಿನ ದಕ್ಷಿಣದ ಚಿರಾನ್ ಎಂಬ ಊರಿನಲ್ಲಿ ಒಂದು ಶಾಂತಿ ಸಂಗ್ರಹಾಲಯವಿದೆ. 1945ರ ಒಕಿನಾವಾ ಕಾಳಗದಲ್ಲಿ ತಮ್ಮ ವಿಮಾನಗಳನ್ನೇ ಶತ್ರು ಹಡಗುಗಳಿಗೆ ಅಪ್ಪಳಿಸಲು ಹೋಗಿ ಮಡಿದ ಭೂಸೇನೆಯ 1,036 ಮಂದಿಯನ್ನು ಅಲ್ಲಿ ಸ್ಮರಿಸುತ್ತಾರೆ. ಅವರಲ್ಲಿ ಇಪ್ಪತ್ತು ದಾಟದವರು ಎಷ್ಟೋ ಮಂದಿ. ಮನೆಗೆ ಬರೆದ ಅವರ ಪತ್ರಗಳೂ ಅಲ್ಲಿವೆ. ಅವರು ಏರಿ ಹೋದ ವಿಮಾನಗಳಲ್ಲಿ ಹಯಾಬುಸಾಗಳೂ ಬಹಳ. ಕೆಳಗೆ ಹಡಗುಗಳಲ್ಲಿದ್ದವರೂ ಹುಡುಗರೇ. 1942ರ ಏಪ್ರಿಲ್ 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ ಇದೇ ಕೆಂಪು ವೃತ್ತದ ವಿಮಾನಗಳು ಬಾಂಬು ಹಾಕಿದಾಗ ಕೆಳಗಿದ್ದವರು ನಮ್ಮವರು. ಇದಾವುದನ್ನೂ ಮರೆಸಿ, ಬರೀ ಚೆಂದದ ಯಂತ್ರವೆಂದು ಇದನ್ನು ತೋರಿಸಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ.

ಹಾಗೆಂದು ಎಸೆದುಬಿಡಬೇಕೇ? ನನಗೆ ಹಾಗನ್ನಿಸುವುದಿಲ್ಲ. ಹಯಾಬುಸಾದ ವಿನ್ಯಾಸದಲ್ಲಿ ದುಡಿದ ತರುಣರಲ್ಲಿ ಹಿದೆಯೊ ಇತೊಕಾವಾ ಒಬ್ಬರು. ಯುದ್ಧಾನಂತರ ಅವರು 1955ರಲ್ಲಿ 23 ಸೆಂಟಿಮೀಟರ್ ಉದ್ದದ ಪುಟ್ಟ ರಾಕೆಟ್ ಹಾರಿಸಿ ಜಪಾನಿನ ಬಾಹ್ಯಾಕಾಶ ವಿಜ್ಞಾನಕ್ಕೆ ನಾಂದಿ ಹಾಡಿದರು. ಮುಂದೆ ಒಂದು ಕ್ಷುದ್ರಗ್ರಹಕ್ಕೆ ಅವರ ಹೆಸರಿಟ್ಟರು. 2005ರಲ್ಲಿ ಅದನ್ನು ಮುಟ್ಟಿ, 2010ರಲ್ಲಿ ಅದರ ಧೂಳಿನ ಕಣಗಳನ್ನು ಭೂಮಿಗೆ ತಂದ ನೌಕೆಯ ಹೆಸರೂ ಹಯಾಬುಸಾ. ಅದೇ ಕೈ, ಅದೇ ಜಾಣ್ಮೆ ಯಾವ ಕೆಲಸಕ್ಕೆ ತೊಡಗುತ್ತದೆ ಎಂಬುದೇ ಮುಖ್ಯ. ಈ ಮಾತನ್ನು ಮನೆಯ ಮಕ್ಕಳಿಗೆ ಹೇಳಲು ಮೇಜಿನ ಮೇಲೊಂದು ಮಾದರಿಯಿದ್ದರೆ ಅನುಕೂಲ.

ಮಿತ್ರರೇ, ನೀವೂ ಒಂದು ವಿಮಾನ ಕಟ್ಟುವುದಾದರೆ ಅವಸರ ಬೇಡ. ಸಾಧಾರಣ ಪೆಟ್ಟಿಗೆಯೊಂದರಿಂದ ಶುರುಮಾಡಿ. ಯಾವ ವರ್ಷದ್ದು, ಯಾವ ಕಾರ್ಖಾನೆಯದು, ಎಲ್ಲಿ ಹಾರಿತು, ಯಾರ ಮೇಲೆ ಹಾರಿತು ಎಂದು ತಿಳಿದುಕೊಂಡು ಆಮೇಲೆ ಬಣ್ಣ ಕಲಸಿ. ಕೆಲವು ಪೆಟ್ಟಿಗೆಗಳಲ್ಲಿ ಚಾಲಕನ ಪುಟ್ಟ ಗೊಂಬೆಯೂ ಇರುತ್ತದೆ. ಬಣ್ಣ ಬಳಿಯುವುದು ಕಷ್ಟವೆಂದು ಬಹಳ ಜನ ಅದನ್ನು ಬಿಟ್ಟುಬಿಡುತ್ತಾರೆ, ನಾನೂ ಮೊದಲು ಬಿಟ್ಟಿದ್ದೆ. ಈಗ ಮೇಜಿನ ಮೇಲಿರುವ ವಿಮಾನದಲ್ಲಿ ಅವನಿದ್ದಾನೆ. ಕುಳಿತಿರುವುದರಿಂದ ಒಂದು ಅಂಗುಲಕ್ಕೂ ಕಡಿಮೆ. ಕಂದು ಬಣ್ಣದ ಉಡುಪು, ತಲೆಗೆ ಚರ್ಮದ ಟೋಪಿ. ಮುಖಕ್ಕೆ ಬಣ್ಣ ಹಾಕುವುದಕ್ಕೆ ನನಗೆ ಮೂರು ಸಂಜೆ ಹಿಡಿಯಿತು.